ಮಳೆಯಲ್ಲಿ ತಗ್ಗು ಮುಚ್ಚಲು ಬರುವುದಿಲ್ಲವೇ? ಕಲಬುರಗಿ ರಸ್ತೆಗಳ ಒಳಲೆಕ್ಕ

ಮಳೆ ಜೋರು ಹಿಡಿದ ವಾರ ಕಲಬುರಗಿಯ ಪತ್ರಿಕೆಗಳಲ್ಲಿ ಎರಡು ಬಗೆಯ ಸುದ್ದಿ ಅಕ್ಕಪಕ್ಕ ಕಾಣುವುದು ಹೊಸತೇನಲ್ಲ. ಒಂದು, ಇಂತಿಷ್ಟು ದಿನದೊಳಗೆ ನಗರದ ತಗ್ಗು–ಗುಂಡಿ ಮುಚ್ಚಬೇಕೆಂದು ಸಭೆಯಲ್ಲಿ ಕೊಟ್ಟ ತಾಕೀತು. ಇನ್ನೊಂದು, ಮಳೆ ನಿಲ್ಲದೆ ಡಾಂಬರು ಹಾಕಲು ಬರುವುದಿಲ್ಲ ಎಂಬ ಎಂಜಿನಿಯರ್‌ಗಳ ಉತ್ತರ. ಈ ನಡುವೆ ಒಂದು ಟ್ರ್ಯಾಕ್ಟರ್ ಮುರುಮ್ (ಗರಸು ಮಣ್ಣು) ಬಂದು ತಗ್ಗಿಗೆ ಬೀಳುತ್ತದೆ. ಮರುದಿನದ ಮಳೆಗೆ ಅದು ಕೆಸರು, ನಾಲ್ಕು ದಿನ ಬಿಸಿಲು ಬಿದ್ದರೆ ಧೂಳು. ಓದುಗರಿಗೆ ಗೊಂದಲವಾಗುವುದು ಸಹಜ. ಮುಚ್ಚಲು ಬರುತ್ತದೋ ಇಲ್ಲವೋ? ಬರುವುದಿಲ್ಲ ಎಂದಾದರೆ ಗಡುವು ಯಾಕೆ? ಬರುತ್ತದೆ ಎಂದಾದರೆ ಮುರುಮ್ ಯಾಕೆ?

ಎಂಜಿನಿಯರ್‌ಗಳು ಹೇಳುವುದರಲ್ಲಿ ತಾಂತ್ರಿಕವಾಗಿ ಹುರುಳಿದೆ. ಜನರ ಸಿಟ್ಟಿಗೂ ಕಾರಣವಿದೆ. ಆದರೆ ಜಗಳ ಶುರುವಾಗುವುದೇ ತಡವಾಗಿ. ಜುಲೈನಲ್ಲಿ ಯಾವ ರಸ್ತೆ ಕೆಡುತ್ತದೆ ಎಂಬುದು ಹಿಂದಿನ ಜನವರಿಯಿಂದ ಮೇವರೆಗೆ ಏನು ಮಾಡಿದರು, ಏನು ಬಿಟ್ಟರು ಎಂಬುದರ ಮೇಲೆ ಬಹುಪಾಲು ತೀರ್ಮಾನವಾಗಿರುತ್ತದೆ.

ತಗ್ಗು ಬೀಳುವುದು ಹೇಗೆ

ಡಾಂಬರು ರಸ್ತೆ ಎಂದರೆ ಪದರಗಳ ಜೋಡಣೆ. ಎಲ್ಲಕ್ಕಿಂತ ಕೆಳಗೆ ಹದಗೊಳಿಸಿದ ಮಣ್ಣು, ಅದರ ಮೇಲೆ ದಪ್ಪ ಖಡಿಯ ಪದರ, ಆಮೇಲೆ ವೆಟ್ ಮಿಕ್ಸ್ (ನೀರು ಬೆರೆಸಿ ಗಟ್ಟಿಮಾಡಿದ ಖಡಿ–ಪುಡಿಯ ಮಿಶ್ರಣ), ಕೊನೆಗೆ ಡಾಂಬರು ಬೆರೆತ ಖಡಿ. ಭಾರ ಹೊರುವುದು ಕೆಳಗಿನ ಪದರಗಳು. ಮೇಲಿನ ಡಾಂಬರಿನ ದೊಡ್ಡ ಕೆಲಸ ನೀರನ್ನು ಒಳಗೆ ಬಿಡದಿರುವುದು.

ಬಿಸಿಲಿಗೆ ವರ್ಷಗಟ್ಟಲೆ ಒಣಗಿ ಡಾಂಬರು ಪೆಡಸಾಗುತ್ತದೆ, ಕೂದಲೆಳೆಯ ಬಿರುಕು ಬಿಡುತ್ತದೆ. ಕಲಬುರಗಿಯ ಮೇ ತಿಂಗಳ ಬಿಸಿಲು ಇದಕ್ಕೆ ಸಾಕಷ್ಟು ನೆರವಾಗುತ್ತದೆ. ಬೇಸಿಗೆಯಲ್ಲಿ ಆ ಬಿರುಕು ಯಾರ ಕಣ್ಣಿಗೂ ಬೀಳುವುದಿಲ್ಲ. ಮಳೆ ಬಂದ ಮೇಲೆ ನೀರು ಅದರೊಳಗೆ ಇಳಿಯುತ್ತದೆ. ಮೇಲೆ ಲಾರಿ ಹಾದಾಗ ಚಕ್ರ ಆ ನೀರನ್ನು ಬಿರುಕಿನೊಳಗೆ ಒತ್ತುತ್ತದೆ, ದಾಟಿದ ಕೂಡಲೇ ಹೊರಗೆ ಎಳೆಯುತ್ತದೆ. ಒತ್ತುವುದು, ಎಳೆಯುವುದು ದಿನಕ್ಕೆ ಸಾವಿರಾರು ಸಲ ನಡೆಯುತ್ತದೆ. ಪ್ರತಿ ಸಲ ಖಡಿಯ ನಡುವಿನ ಸಣ್ಣ ಪುಡಿ ನೀರಿನ ಜೊತೆ ಮೇಲೆ ಬರುತ್ತದೆ. ಮಳೆ ನಿಂತ ಮೇಲೆ ಬಿರುಕಿನ ಸುತ್ತ ಬೂದುಬಣ್ಣದ ಕಲೆ ಕಂಡರೆ ಅದು ಈ ಪುಡಿಯೇ, ಅಂದರೆ ರಸ್ತೆಯ ಹೊಟ್ಟೆ ಖಾಲಿಯಾಗುತ್ತಿದೆ ಎಂಬ ಗುರುತು. ಇತ್ತ ಖಡಿಗೆ ಅಂಟಿದ ಡಾಂಬರಿನ ಪೊರೆಯನ್ನೂ ನೀರು ಬಿಡಿಸುತ್ತದೆ. ಕೆಳಗೆ ಪೊಳ್ಳು, ಮೇಲೆ ಸಡಿಲ ಖಡಿ ಎಂಬ ಸ್ಥಿತಿಗೆ ಬಂದಾಗ ಒಂದು ತುಂಡು ಕಿತ್ತು ಹೋಗುತ್ತದೆ. ಅಲ್ಲಿಗೆ ತಗ್ಗು ಹುಟ್ಟಿತು. ಆ ತಗ್ಗಿನಲ್ಲಿ ನೀರು ನಿಂತು, ಅಂಚುಗಳನ್ನು ಅದೇ ರೀತಿ ಕಿತ್ತು ಅಗಲಮಾಡುತ್ತ ಹೋಗುತ್ತದೆ.

ಭಾರದ ಲೆಕ್ಕವೂ ಇದೆ. ರಸ್ತೆಗೆ ಆಗುವ ಹಾನಿ ಆಕ್ಸಲ್ (ಚಕ್ರಗಳ ಅಚ್ಚು) ಮೇಲಿನ ಭಾರದ ಸುಮಾರು ನಾಲ್ಕನೇ ಘಾತಕ್ಕೆ ಏರುತ್ತದೆ ಎಂಬುದು ರಸ್ತೆ ಎಂಜಿನಿಯರಿಂಗ್‌ನಲ್ಲಿ ದಶಕಗಳಿಂದ ಬಳಕೆಯಲ್ಲಿರುವ ನಿಯಮ. ಇದರ ಪ್ರಕಾರ ಶೇ 20ರಷ್ಟು ಹೆಚ್ಚು ಭಾರ ಹೊತ್ತ ಆಕ್ಸಲ್ ಸುಮಾರು ಎರಡು ಪಟ್ಟು ಹಾನಿ ಮಾಡುತ್ತದೆ. ಸೇಡಂ, ಚಿತ್ತಾಪುರ, ವಾಡಿ ಕಡೆಯ ಸಿಮೆಂಟ್ ಲಾರಿಗಳು, ಆಳಂದ ಮತ್ತು ಅಫಜಲಪುರದ ಕಬ್ಬಿನ ಟ್ರ್ಯಾಕ್ಟರ್‌ಗಳು, ಶಹಾಬಾದದ ಕಲ್ಲಿನ ಗಾಡಿಗಳು ಓಡಾಡುವ ದಾರಿಗಳು ಬೇರೆ ದಾರಿಗಳಿಗಿಂತ ಮೊದಲು ಕೆಡುವುದಕ್ಕೆ ಬೇರೆ ಕಾರಣ ಹುಡುಕಬೇಕಾಗಿಲ್ಲ.

ಎರೆಮಣ್ಣಿನ ಪಾಲು

ಬೆಂಗಳೂರಿನ ರಸ್ತೆಗೂ ತಗ್ಗು ಬೀಳುತ್ತದೆ. ಆದರೆ ಕಲಬುರಗಿಯ ತಗ್ಗಿಗೆ ಕೆಳಗಿನಿಂದಲೂ ಒಂದು ಕಾರಣ ಇದೆ. ತೊಗರಿಗೆ ಒಳ್ಳೆಯದಾದ ಎರೆಭೂಮಿ ರಸ್ತೆಗೆ ಕೆಟ್ಟದ್ದು. ಈ ಮಣ್ಣಿನಲ್ಲಿ ಮಾಂಟ್‌ಮೊರಿಲೊನೈಟ್ ಎಂಬ ಜೇಡಿ ಖನಿಜ ಹೆಚ್ಚು. ಅದು ನೀರು ಕುಡಿದು ಉಬ್ಬುತ್ತದೆ, ಒಣಗಿದಾಗ ಕುಗ್ಗಿ ಬಾಯಿ ಬಿಡುತ್ತದೆ. ಏಪ್ರಿಲ್‌ನಲ್ಲಿ ಹೊಲದಲ್ಲಿ ಕಾಣುವ ಆಳದ ಬಿರುಕುಗಳು ರಸ್ತೆಯ ಕೆಳಗೂ ಇರುತ್ತವೆ. ಮಣ್ಣಿನ ಭಾರ ಹೊರುವ ಶಕ್ತಿಯನ್ನು ಸಿಬಿಆರ್ ಎಂಬ ಪರೀಕ್ಷೆಯಿಂದ ಅಳೆಯುತ್ತಾರೆ. ಒಳ್ಳೆಯ ಮುರುಮ್‌ಗೆ ಅದು ಎರಡಂಕಿಯಲ್ಲಿ ಬಂದರೆ, ನೀರಲ್ಲಿ ನೆನೆಸಿದ ಎರೆಮಣ್ಣಿಗೆ ಸಾಮಾನ್ಯವಾಗಿ ಶೇ 2ರಿಂದ 4 ಬಂದರೆ ಹೆಚ್ಚು.

ಇದರಿಂದ ಒಂದು ವಿಚಿತ್ರ ಕಾಣಸಿಗುತ್ತದೆ. ರಸ್ತೆಯ ನಟ್ಟನಡುವಿನ ಮಣ್ಣು ಡಾಂಬರಿನ ಅಡಿಯಲ್ಲಿ ಮುಚ್ಚಿಕೊಂಡಿರುವುದರಿಂದ ತೇವ ವರ್ಷವಿಡೀ ಹೆಚ್ಚು ಏರುಪೇರಾಗುವುದಿಲ್ಲ. ಅಂಚಿನ ಮಣ್ಣು ಮಾತ್ರ ಮಳೆಗೆ ಉಬ್ಬಿ ಬೇಸಿಗೆಗೆ ಕುಗ್ಗುತ್ತದೆ. ಹಾಗಾಗಿ ರಸ್ತೆಯ ಉದ್ದಕ್ಕೂ ಅಂಚಿನಿಂದ ಸ್ವಲ್ಪ ಒಳಗೆ ಹಗ್ಗ ಎಳೆದಂತೆ ಬಿರುಕು ಬೀಳುತ್ತದೆ. ಜೇವರ್ಗಿ, ಅಫಜಲಪುರ ದಿಕ್ಕಿನ ಹಳ್ಳಿ ದಾರಿಗಳಲ್ಲಿ ಅಂಚು ಕುಸಿದು ರಸ್ತೆ ಕಿರಿದಾಗುವುದು ಹೀಗೆಯೇ. ಅಲ್ಲಿ ಬರಿ ತಗ್ಗು ಮುಚ್ಚಿದರೆ ಸಾಲದು. ಬದಿಯ ಮುರುಮ್ ದಂಡೆಯನ್ನು ಗಟ್ಟಿಮಾಡಿ, ಹೊರಕ್ಕೆ ಇಳಿಜಾರು ಕೊಟ್ಟು, ಅಂಚಿನ ಮಣ್ಣಿಗೆ ನೀರು ಇಂಗದಂತೆ ಮಾಡಬೇಕು.

ಹೊಸ ರಸ್ತೆ ಕಟ್ಟುವಾಗ ಇದಕ್ಕೆ ಪರಿಹಾರಗಳಿವೆ. ಉಬ್ಬದ ಮಣ್ಣಿನ 0.6ರಿಂದ 1 ಮೀಟರ್ ಪದರವನ್ನು ಎರೆಮಣ್ಣಿನ ಮೇಲೆ ಹಾಕುವುದು ಒಂದು. ಶೇ 3ರಿಂದ 5ರಷ್ಟು ಸುಣ್ಣ ಬೆರೆಸಿ ಮಣ್ಣಿನ ಗುಣವನ್ನೇ ಬದಲಿಸುವುದು ಇನ್ನೊಂದು. ಸುಣ್ಣದಕಲ್ಲಿನ ನಾಡಿನಲ್ಲೇ ಸುಣ್ಣದ ಸ್ಥಿರೀಕರಣ ಅಪರೂಪವಾಗಿರುವುದು ಸೋಜಿಗ. ಎರಡಕ್ಕೂ ಖರ್ಚಿದೆ, ಮತ್ತು ಎರಡೂ ನೆಲದೊಳಗೆ ಹೂತುಹೋಗುವ ಖರ್ಚು. ಎಸ್ಟಿಮೇಟ್ ಕಡಿಮೆ ಮಾಡಬೇಕಾದಾಗ ಮೊದಲು ಕತ್ತರಿ ಬೀಳುವುದು ಕಾಣದ ಪದರಕ್ಕೇ.

ಯಾದಗಿರಿ ಜಿಲ್ಲೆಯ ಶಹಾಪುರ, ಸುರಪುರ ಭಾಗದಲ್ಲಿ ನಾರಾಯಣಪುರ ಎಡದಂಡೆ ಕಾಲುವೆಯ ನೀರಾವರಿ ಇರುವುದರಿಂದ ಗದ್ದೆ ಪಕ್ಕದ ರಸ್ತೆಗಳ ಕೆಳಮಣ್ಣು ಮಳೆ ಇಲ್ಲದಾಗಲೂ ಹಸಿಯಾಗಿರುತ್ತದೆ. ಅಲ್ಲಿ ಮಳೆಗಾಲ ಮುಗಿದರೂ ರಸ್ತೆಗೆ ಮಳೆಗಾಲ ಮುಗಿದಿರುವುದಿಲ್ಲ. ಬೀದರ್ ನಗರ ಕುಳಿತಿರುವುದು ಕೆಂಪು ಜಂಬಿಟ್ಟಿಗೆಯ ಎತ್ತರದ ಮೇಲೆ, ನೀರು ಬೇಗ ಇಳಿದುಹೋಗುತ್ತದೆ. ಕೆಳಗಿಳಿದು ಭಾಲ್ಕಿ, ಔರಾದ ಕಡೆ ಹೋದರೆ ಮತ್ತೆ ಅದೇ ಕರಿಮಣ್ಣು.

ಹಾಟ್ ಮಿಕ್ಸ್‌ಗೆ ಮಳೆ ಯಾಕೆ ಒಗ್ಗುವುದಿಲ್ಲ

ಎಂಜಿನಿಯರ್‌ಗಳ ಉತ್ತರದ ಬೇರು ಇಲ್ಲಿದೆ. ಹಾಟ್ ಮಿಕ್ಸ್ ಎಂದರೆ ಪ್ಲಾಂಟ್‌ನಲ್ಲಿ ಕಾಯಿಸಿ ಬೆರೆಸಿದ ಡಾಂಬರು–ಖಡಿ. ಕೇಂದ್ರ ಸಾರಿಗೆ ಸಚಿವಾಲಯದ ರಸ್ತೆ ಕಾಮಗಾರಿ ನಿರ್ದಿಷ್ಟತೆಗಳ ಪ್ರಕಾರ ಮಳೆ ಬೀಳುವಾಗ ಅಥವಾ ಮೇಲ್ಮೈಯಲ್ಲಿ ನೀರು ನಿಂತಿರುವಾಗ ಡಾಂಬರು ಕೆಲಸ ನಿಲ್ಲಿಸಬೇಕು. ಸಾಮಾನ್ಯವಾಗಿ ಬಳಸುವ ವಿಜಿ–30 ದರ್ಜೆಯ ಡಾಂಬರಾದರೆ ಮಿಶ್ರಣ ಪ್ಲಾಂಟ್‌ನಿಂದ 150–165 ಡಿಗ್ರಿ ಸೆಲ್ಸಿಯಸ್‌ನಲ್ಲಿ ಹೊರಡಬೇಕು, ಹಾಸುವಾಗ ಕನಿಷ್ಠ 140 ಇರಬೇಕು, ರೋಲರ್ ಓಡಾಟ 90ಕ್ಕೆ ಇಳಿಯುವ ಮೊದಲು ಮುಗಿಯಬೇಕು. ಒದ್ದೆ ತಗ್ಗಿಗೆ ಈ ಬಿಸಿ ಮಾಲು ಬಿದ್ದರೆ ತಳದ ನೀರು ಆವಿಯಾಗಿ ಮಿಶ್ರಣವನ್ನು ಕೆಳಗಿನಿಂದ ಎತ್ತುತ್ತದೆ, ಶಾಖ ಹೀರುತ್ತದೆ, ಅಂಟು ಹಿಡಿಯಲು ಬಿಡುವುದಿಲ್ಲ. ರೋಲರ್ ಓಡಿಸಿದರೂ ಒಳಗೆ ಗಾಳಿಯ ಸಂದುಗಳು ಉಳಿಯುತ್ತವೆ. ಮುಂದಿನ ಮಳೆಯ ನೀರು ಆ ಸಂದುಗಳಿಗೇ ಹೋಗುತ್ತದೆ.

ಒಣ ದಿನದಲ್ಲಿ ಹಾಕಿದ ಪ್ಯಾಚ್ ಕೂಡ ಯಾಕೆ ಏಳುತ್ತದೆ ಎಂದು ಕೇಳುವವರು ಒಂದು ಟಿಪ್ಪರ್ ಲೋಡಿನ ದಿನಚರಿ ನೋಡಬೇಕು. ಪ್ಲಾಂಟ್ ಊರ ಹೊರಗಿರುತ್ತದೆ. ಒಂದೆರಡು ಟನ್‌ಗಾಗಿ ಯಾರೂ ಪ್ಲಾಂಟ್ ಚಾಲು ಮಾಡುವುದಿಲ್ಲ, ಆದ್ದರಿಂದ ಪೂರ್ತಿ ಲೋಡ್ ಬರುತ್ತದೆ. ಒಂದು ಮೀಟರ್ ಉದ್ದ, ಒಂದು ಮೀಟರ್ ಅಗಲ, 50 ಮಿ.ಮೀ. ಆಳದ ತಗ್ಗಿಗೆ ಬೇಕಾಗುವುದು ಹೆಚ್ಚೂಕಡಿಮೆ 115ರಿಂದ 120 ಕೆ.ಜಿ. ಮಾಲು. ಅಂದರೆ 10 ಟನ್ ಲೋಡಿನಲ್ಲಿ 80ಕ್ಕೂ ಹೆಚ್ಚು ತಗ್ಗು ಮುಚ್ಚಬಹುದು. ಆದರೆ 80 ತಗ್ಗುಗಳನ್ನು ಕತ್ತರಿಸಿ, ಗುಡಿಸಿ, ತುಂಬುತ್ತ ಟಿಪ್ಪರ್ ನಗರದ ಸೂಪರ್ ಮಾರ್ಕೆಟ್ ಪ್ರದೇಶದ ಸಂದಣಿ ದಾಟಿ ರಿಂಗ್ ರೋಡ್ ಸೇರುವ ಹೊತ್ತಿಗೆ ತಾಡಪತ್ರಿ ಹೊದಿಸಿದ್ದರೂ ಮಾಲು ಆರಿರುತ್ತದೆ. ಸಲಿಕೆಗೆ ಹೆಂಟೆ ಹೆಂಟೆಯಾಗಿ ಬರುವ ಆ ಮಾಲು ಎಷ್ಟು ಕುಟ್ಟಿದರೂ ಕೂಡಿಕೊಳ್ಳುವುದಿಲ್ಲ. ಬೆಳಗಿನ ಪ್ಯಾಚ್ ವರ್ಷಗಟ್ಟಲೆ ನಿಂತು ಸಂಜೆಯ ಪ್ಯಾಚ್ ತಿಂಗಳಲ್ಲಿ ಏಳುವುದು ಇದೇ ಕಾರಣಕ್ಕೆ. ಸ್ಥಳದಲ್ಲಿ ಒಂದು ಥರ್ಮಾಮೀಟರ್ ಇಟ್ಟು, 140ಕ್ಕಿಂತ ಕೆಳಗಿಳಿದ ಮಾಲನ್ನು ವಾಪಸ್ ಕಳಿಸಿದರೆ ಅರ್ಧ ದೂರು ಅಲ್ಲೇ ತೀರುತ್ತದೆ. ಕಳಿಸುವ ಧೈರ್ಯ ಯಾವ ಕಿರಿಯ ಎಂಜಿನಿಯರ್‌ಗೆ ಇರುತ್ತದೆ ಎಂಬುದು ಬೇರೆ ಮಾತು.

ಮಳೆಯಲ್ಲೂ ಆಗುವ ಕೆಲಸ

ಹಾಗೆಂದು ಮಳೆಗಾಲದಲ್ಲಿ ಕೈಕಟ್ಟಿ ಕೂರಬೇಕಿಲ್ಲ. ಕೋಲ್ಡ್ ಮಿಕ್ಸ್ ಎಂಬ ಸಿದ್ಧ ಮಿಶ್ರಣ ಇರುವುದೇ ಇದಕ್ಕೆ. ಡಾಂಬರನ್ನು ತೆಳು ಮಾಡುವ ದ್ರಾವಕ ಅಥವಾ ಎಮಲ್ಷನ್ (ನೀರಿನಲ್ಲಿ ಕದಡಿದ ಡಾಂಬರು) ಬಳಸಿ ತಯಾರಿಸಿದ ಇದನ್ನು ಕಾಯಿಸಬೇಕಾಗಿಲ್ಲ. ಚೀಲದಲ್ಲಿ ಬರುತ್ತದೆ, ತಿಂಗಳುಗಟ್ಟಲೆ ಗೋದಾಮಿನಲ್ಲಿ ಇಡಬಹುದು. ಇಂಡಿಯನ್ ರೋಡ್ಸ್ ಕಾಂಗ್ರೆಸ್ 2014ರಲ್ಲೇ ಇಂಥ ಸಿದ್ಧ ಮಿಶ್ರಣಕ್ಕೆ ಐಆರ್‌ಸಿ 116 ಎಂಬ ಮಾನದಂಡ ಹೊರತಂದಿದೆ. ಮೇಲೆ ಹೇಳಿದ ಒಂದು ಚದರ ಮೀಟರ್ ತಗ್ಗಿಗೆ 25 ಕೆ.ಜಿ.ಯ ಐದು ಚೀಲ ಹಿಡಿಯಬಹುದು. ಕೆ.ಜಿ. ಲೆಕ್ಕದಲ್ಲಿ ಇದು ಹಾಟ್ ಮಿಕ್ಸ್‌ಗಿಂತ ಬಹಳ ದುಬಾರಿ, ಆದ್ದರಿಂದ ಎಲ್ಲ ತಗ್ಗಿಗೂ ಸುರಿಯುವ ವಸ್ತುವಲ್ಲ. ಆಸ್ಪತ್ರೆ ದಾರಿ, ಬಸ್ ಓಡಾಡುವ ರಸ್ತೆ, ವೃತ್ತಗಳು, ಸೇತುವೆ ಏರುವ ಜಾಗ, ಬೈಕ್ ಸವಾರರು ಬೀಳುವ ತಿರುವುಗಳು, ಇಷ್ಟಕ್ಕೆ ಮೀಸಲಿಟ್ಟರೆ ಖರ್ಚು ಕೈಮೀರುವುದಿಲ್ಲ.

ಚೀಲ ಒಡೆದು ಸುರಿದು ಚಕ್ರ ಹತ್ತಿಸಿದರೆ ಕೋಲ್ಡ್ ಮಿಕ್ಸ್ ಕೂಡ ವಾರದಲ್ಲಿ ಏಳುತ್ತದೆ. ಮಾಲು ಯಾವುದೇ ಇರಲಿ, ಪ್ಯಾಚ್ ನಿಲ್ಲುವುದು ತಯಾರಿಯ ಮೇಲೆ. ತಗ್ಗಿನ ಸುತ್ತ ಗಟ್ಟಿ ಡಾಂಬರು ಸಿಗುವವರೆಗೆ ಚೌಕಾಕಾರವಾಗಿ ಕತ್ತರಿಸಬೇಕು, ಬದಿಗಳು ನೇರ ನಿಂತಿರಬೇಕು. ತಟ್ಟೆಯಂತೆ ಇಳಿಜಾರಾದ ಅಂಚಿಗೆ ತೆಳ್ಳಗೆ ಬಿದ್ದ ಮಾಲು ಮೊದಲ ಚಕ್ರಕ್ಕೇ ಸಿಪ್ಪೆಯಾಗಿ ಏಳುತ್ತದೆ. ನೀರು ಹೊರಹಾಕಿ, ಸಡಿಲ ಖಡಿ ಮತ್ತು ಕೆಸರನ್ನು ತೆಗೆದು, ಬ್ಲೋವರ್‌ನಿಂದಲೋ ಕಸಬರಿಗೆಯಿಂದಲೋ ತಳ ಸ್ವಚ್ಛ ಮಾಡಬೇಕು. ಹಾಟ್ ಮಿಕ್ಸ್ ಆದರೆ ತಳಕ್ಕೂ ಬದಿಗಳಿಗೂ ಎಮಲ್ಷನ್‌ನ ಟ್ಯಾಕ್ ಕೋಟ್, ಅಂದರೆ ಅಂಟಿಸುವ ತೆಳು ಲೇಪ ಬೇಕು, ಚದರ ಮೀಟರಿಗೆ 200ರಿಂದ 300 ಗ್ರಾಂ ಸಾಕು. ಡಬ್ಬಿಯಿಂದ ಸುರಿದು ಕೆರೆ ಮಾಡಿದರೆ ಪ್ಯಾಚ್ ಜಾರುತ್ತದೆ. ಆಳ 100 ಮಿ.ಮೀ. ದಾಟಿದರೆ ಎರಡು ಪದರದಲ್ಲಿ ತುಂಬಿ, ಪ್ರತಿ ಪದರವನ್ನೂ ಕುಟ್ಟಬೇಕು. ಕುಟ್ಟಿದ ಮೇಲೆ 50 ಮಿ.ಮೀ. ಉಳಿಯಬೇಕೆಂದರೆ ಸಡಿಲವಾಗಿ 60 ಮಿ.ಮೀ.ಗಿಂತ ತುಸು ಹೆಚ್ಚೇ ಹಾಕಬೇಕು. ಪ್ಲೇಟ್ ಕಾಂಪ್ಯಾಕ್ಟರ್ (ಕುಟ್ಟುವ ಸಣ್ಣ ಯಂತ್ರ) ಅಂಚಿನಿಂದ ಶುರುಮಾಡಿ ನಡುವಿಗೆ ಬರಬೇಕು. ಕೊನೆಗೆ ಪ್ಯಾಚ್ ರಸ್ತೆ ಮಟ್ಟಕ್ಕಿಂತ ಕೂದಲೆಳೆ ಎತ್ತರವಿದ್ದರೆ ಒಳ್ಳೆಯದು, ತಗ್ಗಿದರೆ ಅಲ್ಲೇ ನೀರು ನಿಲ್ಲುತ್ತದೆ.

ಇಷ್ಟಕ್ಕೆ ಬೇಕಾದದ್ದು ಕಟರ್, ಬ್ಲೋವರ್, ಪ್ಲೇಟ್ ಕಾಂಪ್ಯಾಕ್ಟರ್ ಹೊತ್ತ ಒಂದು ಸಣ್ಣ ಗಾಡಿ ಮತ್ತು ನಾಲ್ಕೈದು ಜನ ತರಬೇತಾದ ಕೆಲಸಗಾರರು. 55 ವಾರ್ಡುಗಳ ಪಾಲಿಕೆಗೆ ಇಂಥ ಕೆಲವು ತಂಡಗಳನ್ನು ವರ್ಷವಿಡೀ ಇಟ್ಟುಕೊಳ್ಳುವುದು ಒಂದು ಸಣ್ಣ ರಸ್ತೆ ಕಾಮಗಾರಿಗಿಂತ ದೊಡ್ಡ ಖರ್ಚೇನಲ್ಲ. ಆದರೆ ತಗ್ಗು ಮುಚ್ಚಿದ್ದಕ್ಕೆ ಯಾರೂ ಅಡಿಗಲ್ಲು ಇಡುವುದಿಲ್ಲ.

ಮುರುಮ್ ವಾದ

ಮುರುಮ್ ಹಾಕುವವರನ್ನು ಬರೀ ಬೈದು ಪ್ರಯೋಜನವಿಲ್ಲ. ಅದಕ್ಕೆ ಟೆಂಡರ್ ಬೇಡ, ಇವತ್ತು ಫೋನ್ ಮಾಡಿದರೆ ಇವತ್ತೇ ಬರುತ್ತದೆ, ಆಳದ ತಗ್ಗಿಗೆ ಬೈಕ್ ಬೀಳುವುದು ಎರಡು ದಿನವಾದರೂ ತಪ್ಪುತ್ತದೆ. ತೊಂದರೆ ಏನೆಂದರೆ ಅದರಲ್ಲಿ ಮಣ್ಣಿನ ಅಂಶ ಹೆಚ್ಚು. ನೀರು ಬಿದ್ದಾಗ ಜಾರುತ್ತದೆ, ಚಕ್ರಕ್ಕೆ ಅಂಟಿ ಹೊರಬರುತ್ತದೆ, ಅಲ್ಲಿಂದ ಗಟಾರಕ್ಕೆ ಹೋಗಿ ಅದನ್ನೂ ಕಟ್ಟಿಸುತ್ತದೆ. ಆಮೇಲೆ ಡಾಂಬರು ಪ್ಯಾಚ್ ಹಾಕುವವರು ಆ ಮುರುಮ್ ತೆಗೆಯದೆ ಅದರ ಮೇಲೇ ಹಾಕಿದರೆ ಆ ಪ್ಯಾಚ್‌ಗೂ ಗಟ್ಟಿ ತಳ ಇರುವುದಿಲ್ಲ. ತುರ್ತಿಗೆ ಏನಾದರೂ ತುಂಬಲೇಬೇಕಾದರೆ 40 ಮಿ.ಮೀ. ಖಡಿಯ ಜೊತೆ ಸಣ್ಣ ಖಡಿ, ಕ್ರಷರ್ ಪುಡಿ ಬೆರೆಸಿ ಕುಟ್ಟಿ ತುಂಬುವುದು ಲೇಸು. ನೀರು ಅದರಿಂದ ಇಳಿದುಹೋಗುತ್ತದೆ, ಮುಂದೆ ಅದೇ ತಳವಾಗಿಯೂ ಉಳಿಯುತ್ತದೆ. ಒಡೆದ ಇಟ್ಟಿಗೆ, ಮನೆ ಕೆಡವಿದ ಗಿಲಾವು ಬೇಡವೇ ಬೇಡ.

ಗಟಾರ ಸರಿಯಿಲ್ಲದೆ ರಸ್ತೆ ಸರಿಯಿರದು

ನಗರದಲ್ಲಿ ಪದೇ ಪದೇ ಅದೇ ಜಾಗದಲ್ಲಿ ತಗ್ಗು ಬೀಳುತ್ತಿದ್ದರೆ ಡಾಂಬರಿಗಿಂತ ಮೊದಲು ಗಟಾರ ನೋಡಬೇಕು. ಡಾಂಬರು ರಸ್ತೆಗೆ ನಡುವಿನಿಂದ ಬದಿಗೆ ಸುಮಾರು ಶೇ 2ರಿಂದ 2.5 ಇಳಿಜಾರು ಇರಬೇಕು. ಅಂದರೆ 3.5 ಮೀಟರ್ ಅಗಲದ ಒಂದು ಲೇನ್‌ಗೆ 7ರಿಂದ 9 ಸೆಂ.ಮೀ. ಇಳಿತ. ಹಳೆಯ ಡಾಂಬರಿನ ಮೇಲೆ ಹೊಸದು, ಅದರ ಮೇಲೆ ಮತ್ತೊಂದು ಹಾಕುತ್ತ ಹೋದಾಗ ಈ ಇಳಿಜಾರು ಅಳಿಸಿಹೋಗುತ್ತದೆ. ನೀರು ಬದಿಗೆ ಬಂದರೂ ಒಳಗೆ ಹೋಗಲು ದಾರಿ ಬೇಕಲ್ಲ? ಗಟಾರದ ಗೋಡೆ ರಸ್ತೆಗಿಂತ ಎತ್ತರವಿದ್ದು, ನಡುನಡುವೆ ಕಿಂಡಿ ಬಿಡದಿದ್ದರೆ ಗಟಾರ ಖಾಲಿ, ರಸ್ತೆ ತುಂಬಿದ ಹೊಳೆ ಎಂಬ ದೃಶ್ಯ ಕಾಣಬೇಕಾಗುತ್ತದೆ.

ಮನೆ, ಅಂಗಡಿಗಳ ಮುಂದೆ ಗಟಾರದ ಮೇಲೆ ಶಹಾಬಾದ ಫರಸಿ ಹಾಸಿ, ಸಂದುಗಳಿಗೆ ಸಿಮೆಂಟ್ ಬಳಿದಿರುವುದು ಇಲ್ಲಿ ಸಾಮಾನ್ಯ. ಅಂಗಡಿಗೆ ಮೆಟ್ಟಿಲಾಯಿತು, ಬೈಕ್ ನಿಲ್ಲಿಸಲು ಜಾಗವಾಯಿತು. ಹೂಳೆತ್ತುವವರು ಆ ಭಾಗ ಬಿಟ್ಟು ಮುಂದೆ ಹೋಗುತ್ತಾರೆ. ಒಂದೇ ಅಂಗಡಿಯ ಕೆಳಗೆ ಹೂಳು ಉಳಿದರೂ ಹಿಂದಿನ ಗಟಾರವೆಲ್ಲ ನಿಂತ ನೀರು. ಎತ್ತಿದ ಹೂಳಿನದೂ ಒಂದು ಕಥೆ. ಒಣಗಲಿ ಎಂದು ಗಟಾರದ ಬಾಯಲ್ಲೇ ಗುಡ್ಡೆ ಹಾಕುತ್ತಾರೆ, ಸಾಗಿಸುವ ಟ್ರ್ಯಾಕ್ಟರ್ ಬರುವುದರೊಳಗೆ ಮೃಗಶಿರ ಮಳೆ ಬಂದು ಮತ್ತೆ ಒಳಗೆ ತಳ್ಳುತ್ತದೆ. ಹೂಳೆತ್ತಿದ ಬಿಲ್ಲಿಗೂ ಸಾಗಿಸಿದ ಬಿಲ್ಲಿಗೂ ಗಂಟು ಹಾಕಿದರೆ ಈ ರೂಢಿ ತಾನಾಗಿ ನಿಲ್ಲುತ್ತದೆ.

ತಿಂಗಳುಗಳ ಎಡವಟ್ಟು

ಹಿಮ ಬೀಳುವ ನಗರಗಳು ಇದೇ ಬಗೆಯ ಸಮಸ್ಯೆಯನ್ನು ಹೇಗೆ ನಿಭಾಯಿಸುತ್ತವೆ ಎಂಬುದನ್ನು ನೋಡಿದರೆ ನಮ್ಮ ಗೊಂದಲ ಎಲ್ಲಿದೆ ಎಂಬುದು ತಿಳಿಯುತ್ತದೆ. ಕೆನಡಾದ ಮಾಂಟ್ರಿಯಲ್‌ನಲ್ಲಿ ಸುಮಾರು 2.5 ಸೆಂ.ಮೀ. ಹಿಮ ಬಿದ್ದರೆ ಹಿಮ ತಳ್ಳುವ ಗಾಡಿಗಳು ರಸ್ತೆಗಿಳಿಯುತ್ತವೆ. ಹಿಮ 10–15 ಸೆಂ.ಮೀ. ಆದರೆ ಅದನ್ನು ಲಾರಿಗೆ ತುಂಬಿ ಹೊರಸಾಗಿಸುವ ಕೆಲಸ ಶುರುವಾಗುತ್ತದೆ. ಮೊದಲು ಮುಖ್ಯ ರಸ್ತೆ, ಬಸ್ ಮಾರ್ಗ, ಆಸ್ಪತ್ರೆ ದಾರಿ, ಕೊನೆಗೆ ಓಣಿಗಳು. ಉಪ್ಪು, ಗಾಡಿ, ಗುತ್ತಿಗೆ ಎಲ್ಲವೂ ಚಳಿಗಾಲಕ್ಕೆ ಮುಂಚೆ ಸಿದ್ಧ. ಅಲ್ಲಿಯೂ ಚಳಿಯಲ್ಲಿ ಹಾಟ್ ಮಿಕ್ಸ್ ಪ್ಲಾಂಟ್‌ಗಳು ಬಂದ್ ಆಗುತ್ತವೆ, ಅಲ್ಲಿಯೂ ತಗ್ಗಿಗೆ ಕೋಲ್ಡ್ ಮಿಕ್ಸ್ ತುಂಬಿ, ಬೇಸಿಗೆಯಲ್ಲಿ ಪಕ್ಕಾ ಕೆಲಸ ಮಾಡುತ್ತಾರೆ. ಹಿಮ ಬಿದ್ದ ಮೇಲೆ ಟೆಂಡರ್ ಕರೆಯುವುದಿಲ್ಲ.

ನಮ್ಮಲ್ಲಿ ಮುಂಗಾರು ಜೂನ್ ಎರಡನೇ ವಾರದ ಹೊತ್ತಿಗೆ ಬರುತ್ತದೆ ಎಂಬುದು ಗೊತ್ತಿರುವ ಸಂಗತಿ. ಆದರೆ ಹಣದ ವರ್ಷ ಏಪ್ರಿಲ್ 1ಕ್ಕೆ ಶುರು. ಕ್ರಿಯಾಯೋಜನೆ, ಅನುಮೋದನೆ, ಎಸ್ಟಿಮೇಟ್, ಟೆಂಡರ್, ಕಾರ್ಯಾದೇಶ ಎಲ್ಲ ಮುಗಿಯುವ ಹೊತ್ತಿಗೆ ಮಳೆ ಶುರುವಾಗಿರುತ್ತದೆ. ಕೆಲಸ ಮಾಡಬಹುದಾದ ಏಪ್ರಿಲ್, ಮೇ ಕಡತದಲ್ಲಿ ಕಳೆಯುತ್ತವೆ, ಕಡತ ಮುಗಿದಾಗ ಕೆಲಸ ಮಾಡಲಾಗದ ಜುಲೈ ಬಂದಿರುತ್ತದೆ. ಬಾಕಿ ಉಳಿದದ್ದೆಲ್ಲ ಮಾರ್ಚ್‌ನಲ್ಲಿ ಬಿಲ್ ಆಗಲೆಂದು ಅವಸರದಲ್ಲಿ ಮುಗಿಯುತ್ತದೆ.

ಕಲಬುರಗಿಗೆ ಇನ್ನೊಂದು ತೊಡಕು ಇದೆ. ಇಲ್ಲಿ ವರ್ಷದ ಸರಾಸರಿ ಮಳೆ 750 ಮಿ.ಮೀ. ಆಸುಪಾಸು, ಅದರಲ್ಲಿ ಅತಿ ಹೆಚ್ಚು ಬೀಳುವುದು ಸೆಪ್ಟೆಂಬರ್‌ನಲ್ಲಿ. ಜುಲೈ, ಆಗಸ್ಟ್‌ನಲ್ಲಿ ಬಿಡುವು ಸಿಕ್ಕಾಗ ಹಾಕಿದ ಪ್ಯಾಚ್‌ಗೆ ನಿಜವಾದ ಪರೀಕ್ಷೆ ಹುಬ್ಬಿ, ಉತ್ತರಿ ಮಳೆಯಲ್ಲಿ. ಬಂಗಾಳಕೊಲ್ಲಿಯ ವಾಯುಭಾರ ಕುಸಿತಗಳು ಅಕ್ಟೋಬರ್‌ಗೂ ಎಳೆಯಬಹುದು. 2020ರ ಅಕ್ಟೋಬರ್ ಮಧ್ಯದಲ್ಲಿ ಆಂಧ್ರ ಕರಾವಳಿ ದಾಟಿ ಬಂದ ಕುಸಿತದಿಂದ ಜಿಲ್ಲೆಯಲ್ಲಿ ಭಾರಿ ಮಳೆಯಾಗಿ, ಭೀಮಾ ನದಿ ಉಕ್ಕಿ ಅಫಜಲಪುರ, ಜೇವರ್ಗಿ ಕಡೆಯ ಊರುಗಳ ಸಂಪರ್ಕ ಕಡಿದುಹೋಗಿತ್ತು. ದಸರಾ ಮುಗಿಯಿತು, ಇನ್ನು ಮಳೆ ಇಲ್ಲ ಎಂದು ಅಂದಾಜು ಹಾಕುವುದು ಈ ಭಾಗಕ್ಕೆ ಹೊಂದುವುದಿಲ್ಲ.

ಮಳೆ ನಿಂತ ಕೂಡಲೇ ಡಾಂಬರು ಹಾಕಿ ಎಂಬ ಒತ್ತಾಯವೂ ಅಪಾಯದ್ದೇ. ಮೇಲೆ ಒಣಗಿ ಕಂಡರೂ ಎರೆಮಣ್ಣು ಮತ್ತು ಖಡಿಯ ಪದರ ವಾರಗಟ್ಟಲೆ ಹಸಿ ಇರುತ್ತವೆ. ಅದರ ಮೇಲೆ ಡಾಂಬರು ಮುಚ್ಚಿದರೆ ನೀರು ಒಳಗೇ ಸಿಕ್ಕಿಬೀಳುತ್ತದೆ. ದೊಡ್ಡ ಮರುಡಾಂಬರೀಕರಣಕ್ಕೆ ನವೆಂಬರ್ ಕೊನೆಯಿಂದ ಫೆಬ್ರುವರಿ ಹದವಾದ ಕಾಲ. ಬಿರುಕು ಮುಚ್ಚುವ ಸೀಲಿಂಗ್ ಕೆಲಸಕ್ಕೆ ಮಾರ್ಚ್, ಏಪ್ರಿಲ್. ಗಟಾರಕ್ಕೆ ಏಪ್ರಿಲ್, ಮೇ.

ಮಳೆಗಾಲದಲ್ಲೇ ಮಾಡಬೇಕಾದ, ಆದರೆ ಹೆಚ್ಚು ಗಮನ ಪಡೆಯದ ಕೆಲಸ ಒಂದಿದೆ, ಸರ್ವೆ. ನೀರು ಎಲ್ಲಿ ನಿಲ್ಲುತ್ತದೆ, ಯಾವ ಬದಿಯಿಂದ ಬರುತ್ತದೆ, ಯಾವ ಕಿಂಡಿಗೆ ಹೋಗುತ್ತಿಲ್ಲ ಎಂಬುದು ಕಾಣುವುದು ಮಳೆ ಬೀಳುತ್ತಿರುವಾಗ ಮಾತ್ರ. ಆಗಲೇ ಫೋಟೊ ತೆಗೆದು, ರಸ್ತೆಯಂಚಿಗೆ ಬಣ್ಣದ ಗುರುತು ಹಾಕಿಟ್ಟರೆ ಡಿಸೆಂಬರ್‌ನ ಎಸ್ಟಿಮೇಟ್ ಅಂದಾಜಿನ ಮೇಲೆ ನಿಲ್ಲುವುದಿಲ್ಲ.

ಸಿಮೆಂಟ್ ರಸ್ತೆಯೇ ಮದ್ದೇ?

ಜಿಲ್ಲೆಯಲ್ಲೇ ಇಷ್ಟೊಂದು ಸಿಮೆಂಟ್ ಕಾರ್ಖಾನೆ ಇರುವಾಗ ಡಾಂಬರಿನ ಹಂಗೇಕೆ ಎಂಬ ವಾದ ಜನಪ್ರಿಯ. ಕಾಂಕ್ರೀಟ್‌ಗೆ ನೀರಿನ ಭಯ ಕಡಿಮೆ, ಭಾರಿ ವಾಹನ ತಡೆಯುತ್ತದೆ ಎಂಬುದು ನಿಜ. ಸಂದಣಿಯ ವೃತ್ತಗಳು, ಬಸ್ ನಿಲ್ಲುವ ಜಾಗಗಳು, ಎಪಿಎಂಸಿ ಕಡೆಯ ಲಾರಿ ದಾರಿಗಳಿಗೆ ಇದು ಒಪ್ಪುವ ಪರಿಹಾರ. ಎಲ್ಲೆಡೆಗೂ ಅಲ್ಲ ಎನ್ನಲು ಕಾರಣಗಳಿವೆ. ಡಾಂಬರಿನ ಮೇಲೆ ಹಾಕುವ ಕಾಂಕ್ರೀಟ್ ಪದರ, ಅಂದರೆ ವೈಟ್ ಟಾಪಿಂಗ್, 100ರಿಂದ 200 ಮಿ.ಮೀ. ದಪ್ಪ ಇರುತ್ತದೆ, ಕೆಲವೊಮ್ಮೆ ಇನ್ನೂ ಹೆಚ್ಚು. ರಸ್ತೆ ಅಷ್ಟು ಎತ್ತರವಾದರೆ ಬ್ರಹ್ಮಪುರ, ಶಹಾಬಜಾರದಂಥ ಹಳೆಯ ಬಡಾವಣೆಗಳ ಹೊಸ್ತಿಲು ರಸ್ತೆಗಿಂತ ಕೆಳಗಾಗುತ್ತದೆ, ಮಳೆನೀರು ಮನೆಯೊಳಗೆ ಬರುತ್ತದೆ. ಉಬ್ಬಿ ಕುಗ್ಗುವ ಮಣ್ಣಿನ ಮೇಲೆ ತಳವಿಲ್ಲದೆ ತೆಳ್ಳಗೆ ಎರಕ ಹೊಯ್ದರೆ ಚಪ್ಪಡಿ ಒಡೆಯುತ್ತದೆ. ಸುಮಾರು 4.5 ಮೀಟರಿಗೊಂದು ಜಾಯಿಂಟ್ ಬೇಕು, ಅದನ್ನು ಎರಕ ಹೊಯ್ದ ದಿನದೊಳಗೇ ಕೊರೆಯಬೇಕು. ತಡವಾದರೆ ಕಾಂಕ್ರೀಟ್ ತನಗೆ ಬೇಕಾದಲ್ಲಿ ಸೀಳಿಕೊಳ್ಳುತ್ತದೆ, ಓಣಿಗಳ ಸಿಸಿ ರಸ್ತೆಗಳ ಅಂಕುಡೊಂಕು ಬಿರುಕುಗಳಲ್ಲಿ ಬಹಳಷ್ಟು ಹೀಗೆ ಆದವು. ಎರಡು ವಾರ ನೀರುಣಿಸಬೇಕು, ಅಷ್ಟು ದಿನ ದಾರಿ ಬಂದ್. ಎಲ್ಲಕ್ಕಿಂತ ದೊಡ್ಡದು, ಆಮೇಲೆ ನೀರಿನ ಪೈಪಿಗಾಗಿ ಅಗೆದರೆ ಡಾಂಬರಿನಂತೆ ಸುಲಭವಾಗಿ ಕೂಡಿಸಲು ಬರುವುದಿಲ್ಲ.

ಅಗೆದವರು ಯಾರು, ಮುಚ್ಚುವವರು ಯಾರು

ಕಲಬುರಗಿಯಲ್ಲಿ ಈ ಪ್ರಶ್ನೆ ತೂಕದ್ದು. 24x7 ನೀರು ಸರಬರಾಜು ಯೋಜನೆಗೆ ಹುಬ್ಬಳ್ಳಿ–ಧಾರವಾಡ, ಬೆಳಗಾವಿ ಜೊತೆ ಕಲಬುರಗಿಯೂ ಸೇರಿದೆ, ಅದಕ್ಕೆ ಪೈಪ್ ಹಾಕಲು ಬಡಾವಣೆಗಳ ರಸ್ತೆ ಅಗೆಯದೆ ಗತ್ಯಂತರವಿಲ್ಲ. ಒಳಚರಂಡಿ, ವಿದ್ಯುತ್ ಕೇಬಲ್, ಇಂಟರ್ನೆಟ್ ತಂತಿಗಳೂ ಸಾಲಿನಲ್ಲಿವೆ. ಅಗೆದ ಕಾಲುವೆಯನ್ನು 150–200 ಮಿ.ಮೀ. ಪದರಗಳಲ್ಲಿ ತುಂಬಿ ಪ್ರತಿ ಪದರವನ್ನೂ ಕುಟ್ಟಬೇಕು, ಪೈಪಿನ ಸುತ್ತ ಉಸುಕು ಬೇಕು. ಅದೇ ಎರೆಮಣ್ಣನ್ನು ಜೆಸಿಬಿಯಿಂದ ಒಂದೇ ಸಲ ದೂಡಿ, ಬಕೆಟ್‌ನಿಂದ ತಟ್ಟಿ ಹೋದರೆ ಮೊದಲ ಮಳೆಗೆ ಅರ್ಧ ಅಡಿ ಕುಸಿಯುವುದು ಖಚಿತ. ರಸ್ತೆಯುದ್ದಕ್ಕೂ ನೇರ ಗೆರೆಯಲ್ಲಿ ತಗ್ಗು ಕಂಡರೆ ಅದು ಬಹುಮಟ್ಟಿಗೆ ಪೈಪಿನ ಗೆರೆ.

ಇದರ ಪರಿಣಾಮ ಕಾಗದದ ಮೇಲೂ ಆಗುತ್ತದೆ. ಹೊಸ ರಸ್ತೆ ಮಾಡಿದ ಗುತ್ತಿಗೆದಾರ ದೋಷ ಹೊಣೆ ಅವಧಿಯಲ್ಲಿ ತನ್ನ ಖರ್ಚಿನಲ್ಲೇ ದುರಸ್ತಿ ಮಾಡಿಕೊಡಬೇಕು, ಅದಕ್ಕಾಗಿಯೇ ಅವನ ಭದ್ರತಾ ಠೇವಣಿ ಹಿಡಿದಿಟ್ಟಿರುತ್ತಾರೆ. ಆ ನಡುವೆ ಇನ್ನೊಂದು ಸಂಸ್ಥೆ ರಸ್ತೆ ಅಗೆದರೆ ಅವನು ಕೈ ಎತ್ತುತ್ತಾನೆ, ತಾಂತ್ರಿಕವಾಗಿ ಅವನ ವಾದವನ್ನು ತಳ್ಳಿಹಾಕುವುದೂ ಕಷ್ಟ. ಅಗೆತ ಮೊದಲು, ಡಾಂಬರು ನಂತರ ಎಂಬ ಸರದಿಯನ್ನು ಇಲಾಖೆಗಳು ಪಾಲಿಸದಿದ್ದರೆ ಹೊಣೆ ಗಾಳಿಗೆ ಹೋಗುತ್ತದೆ. ಗುತ್ತಿಗೆದಾರರಿಗೂ ದೂರುಗಳಿವೆ. ಚೆಲ್ಲಾಪಿಲ್ಲಿ ಬಿದ್ದ ಸಣ್ಣ ಪ್ಯಾಚ್‌ಗಳಿಗೆ ಯಂತ್ರ ಸಾಗಿಸಿದ ಖರ್ಚೂ ಹುಟ್ಟುವುದಿಲ್ಲ, ಬಿಲ್ ಬರುವುದು ಯಾವಾಗಲೋ. ತಗ್ಗಿನ ಲೆಕ್ಕದಲ್ಲಿ ಹಣ ಕೊಡುವ ಪದ್ಧತಿಯಲ್ಲೇ ದೋಷವಿದೆ, ತಗ್ಗು ಹೆಚ್ಚಿದಷ್ಟೂ ಬಿಲ್ ಹೆಚ್ಚು. ಇಷ್ಟು ಕಿ.ಮೀ. ರಸ್ತೆಯನ್ನು ಮೂರು ವರ್ಷ ತಗ್ಗಿಲ್ಲದಂತೆ ಇಟ್ಟರೆ ತಿಂಗಳಿಗಿಷ್ಟು, ತಗ್ಗು ಉಳಿದರೆ ಕಡಿತ ಎಂಬ ನಿರ್ವಹಣಾ ಗುತ್ತಿಗೆಯಲ್ಲಿ ಬಿರುಕನ್ನು ಏಪ್ರಿಲ್‌ನಲ್ಲೇ ಮುಚ್ಚುವುದು ಗುತ್ತಿಗೆದಾರನಿಗೇ ಲಾಭ.

ಕಾನೂನು ಏನು ಹೇಳುತ್ತದೆ? 2019ರಲ್ಲಿ ತಿದ್ದುಪಡಿಯಾದ ಮೋಟಾರು ವಾಹನ ಕಾಯ್ದೆಯ 198ಎ ಕಲಂ ಪ್ರಕಾರ, ರಸ್ತೆಯ ವಿನ್ಯಾಸ, ನಿರ್ಮಾಣ ಅಥವಾ ನಿರ್ವಹಣೆಯ ಮಾನದಂಡ ಪಾಲಿಸದೆ ಸಾವು ಇಲ್ಲವೇ ಅಂಗವೈಕಲ್ಯ ಆದರೆ ಸಂಬಂಧಪಟ್ಟ ಪ್ರಾಧಿಕಾರ, ಗುತ್ತಿಗೆದಾರ, ಸಲಹೆಗಾರರಿಗೆ 1 ಲಕ್ಷ ರೂಪಾಯಿವರೆಗೆ ದಂಡ ಇದೆ. ಕೇಂದ್ರ ಸಾರಿಗೆ ಸಚಿವಾಲಯದ ವರದಿಯ ಪ್ರಕಾರ 2022ರಲ್ಲಿ ದೇಶದಲ್ಲಿ ರಸ್ತೆ ಗುಂಡಿಗಳಿಂದಾದ ಅಪಘಾತಗಳಲ್ಲಿ ಸತ್ತವರು 1,856. ಈ ಕಲಂ ಬಳಸಬೇಕೆಂದರೆ ಎಫ್‌ಐಆರ್‌ನಲ್ಲಿ ಸವಾರನ ಅಜಾಗರೂಕತೆ ಎಂದಷ್ಟೇ ಬರೆದು ಮುಗಿಸದೆ, ಸ್ಥಳದ ಮಹಜರಿನಲ್ಲಿ ತಗ್ಗಿನ ಅಳತೆಯೂ ದಾಖಲಾಗಬೇಕು.

ದೂರು ಕೊಡುವವರಿಗೆ

ಎಲ್ಲ ರಸ್ತೆಯೂ ಪಾಲಿಕೆಯದಲ್ಲ. ಹುಮನಾಬಾದ್ ಕಡೆಯಿಂದ ಬಂದು ಜೇವರ್ಗಿ ದಿಕ್ಕಿಗೆ ಹೋಗುವ ಹೆದ್ದಾರಿ 50 ಮತ್ತು ವಾಡಿ, ಯಾದಗಿರಿ ಕಡೆಯ ಹೆದ್ದಾರಿ 150 ರಾಷ್ಟ್ರೀಯ ಹೆದ್ದಾರಿ ವಿಭಾಗಗಳ ಪಾಲು. ರಾಜ್ಯ ಹೆದ್ದಾರಿ, ಜಿಲ್ಲಾ ಮುಖ್ಯ ರಸ್ತೆಗಳು ಲೋಕೋಪಯೋಗಿ ಇಲಾಖೆಯವು. ಬಡಾವಣೆಯ ಒಳರಸ್ತೆಗಳು ಪಾಲಿಕೆಯವು. ತಪ್ಪು ಕಚೇರಿಗೆ ಹೋದ ಅರ್ಜಿ ಅಲ್ಲಿಂದ ಇಲ್ಲಿಗೆ ತಿರುಗುವಷ್ಟರಲ್ಲಿ ಮಳೆಗಾಲ ಮುಗಿದಿರುತ್ತದೆ. ಅರ್ಜಿಯಲ್ಲಿ ಹತ್ತಿರದ ವಿದ್ಯುತ್ ಕಂಬದ ಸಂಖ್ಯೆ, ತಗ್ಗಿನ ಉದ್ದ–ಅಗಲ–ಆಳ, ಮಳೆ ನಿಂತ ಮೇಲೆ ಎಷ್ಟು ಹೊತ್ತು ನೀರು ಇಳಿಯುವುದಿಲ್ಲ, ಪೈಪ್ ಅಗೆದ ಗುರುತು ಇದೆಯೇ ಎಂಬಷ್ಟು ಬರೆದರೆ ಎಸ್ಟಿಮೇಟ್ ಮಾಡುವವರ ಕೆಲಸ ಸುಲಭವಾಗುತ್ತದೆ. ರಸ್ತೆ ಯಾವ ಕಾಮಗಾರಿಯಲ್ಲಿ ಆಯಿತು, ದೋಷ ಹೊಣೆ ಅವಧಿ ಯಾವಾಗ ಮುಗಿಯುತ್ತದೆ ಎಂಬುದನ್ನು ಮಾಹಿತಿ ಹಕ್ಕಿನಲ್ಲಿ ಕೇಳಬಹುದು, 30 ದಿನದೊಳಗೆ ಉತ್ತರ ಕೊಡಬೇಕು. ಆ ಅರ್ಜಿಯನ್ನು ಡಿಸೆಂಬರ್‌ನಲ್ಲಿ ಹಾಕುವುದು ಜಾಣತನ. ಉತ್ತರ ಬರುವ ಹೊತ್ತಿಗೆ ಕ್ರಿಯಾಯೋಜನೆಯ ಮಾತುಕತೆ ಇನ್ನೂ ನಡೆಯುತ್ತಿರುತ್ತದೆ, ಠೇವಣಿಯೂ ಗುತ್ತಿಗೆದಾರನ ಕೈ ಸೇರಿರುವುದಿಲ್ಲ.